ಉಂಗುರದ ಮೇಲೆ ಇಲ್ಲದ ವಿಳಾಸ

ಚಳಿಗಾಲದಲ್ಲಿ ನಮ್ಮ ಚೌಡಾಪುರ, ಗಾಣಗಾಪುರದ ಕಡೆಯ ಭೀಮೆಯ ದಂಡೆಗೆ ಉತ್ತರದ ಹಕ್ಕಿಗಳು ಬಂದಿಳಿಯುತ್ತವೆ. ಸುರಪುರದ ಬೋನಾಳ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳೇ ಬರುತ್ತವೆ. ಇಂಥ ವಲಸೆ ಹಕ್ಕಿಗಳ ಅಧ್ಯಯನಕ್ಕೆ ಹಿಂದೊಮ್ಮೆ ಪರದೇಶದ ಸೈನ್ಯದ ದುಡ್ಡು ಬಂದಿತ್ತು. ಆ ಕಥೆ ಶುರುವಾದದ್ದು ನಮ್ಮದೇ ಮಲೆನಾಡಿನಲ್ಲಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸೌದೆಗೆಂದು, ದನ ಮೇಯಿಸಲೆಂದು ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಅದು. ಅದರ ವೈರಾಣುವಿಗೆ ರಷ್ಯಾದ ಮಿದುಳುಜ್ವರದ ವೈರಾಣುವಿನ ಹತ್ತಿರದ ನಂಟು ಕಂಡಾಗ, ಸೈಬೀರಿಯಾದ ಹಕ್ಕಿಗಳೇ ಇದನ್ನು ಹೊತ್ತು ತಂದವೇ ಎಂಬ ಅನುಮಾನ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳಿಗೆ ಉಂಗುರ ತೊಡಿಸತೊಡಗಿತು. ಮುಂದೆ ಹಣ ಬಂದದ್ದು ಅಮೆರಿಕದ ಸೈನ್ಯ ಬ್ಯಾಂಕಾಕ್‌ನಿಂದ ನಡೆಸುತ್ತಿದ್ದ ರೋಗ ಸಮೀಕ್ಷೆಯಿಂದ. ಆ ಸಮೀಕ್ಷೆ ಏಷ್ಯಾದ ಉದ್ದಗಲಕ್ಕೂ ಹತ್ತು ಲಕ್ಷಕ್ಕೂ ಹೆಚ್ಚು ಹಕ್ಕಿಗಳಿಗೆ ಉಂಗುರ ಹಾಕಿಸಿತು. ಹಕ್ಕಿಗಳ ರಕ್ತವನ್ನೂ ಮೈಮೇಲಿನ ಉಣುಗುಗಳನ್ನೂ ಸಂಗ್ರಹಿಸಲಾಯಿತು. ನಮ್ಮಲ್ಲಿ ತೊಡಿಸಿದ ಉಂಗುರದ ಮೇಲೆ ಸಂಖ್ಯೆಯ ಜತೆ ಬಾಂಬೆಯ ಸೊಸೈಟಿಗೆ ತಿಳಿಸಿ ಎಂಬ ಕೋರಿಕೆ ಇರುತ್ತಿತ್ತು. ಹಣ ಕೊಟ್ಟವರ ವಿಳಾಸ ಮಾತ್ರ ಅದರಲ್ಲಿ ಇರಲಿಲ್ಲ.

ಇದೇ ಹೊತ್ತಿಗೆ ಪೆಸಿಫಿಕ್ ದ್ವೀಪಗಳಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯವರು ಮಾಡುತ್ತಿದ್ದ ಹಕ್ಕಿ ಅಧ್ಯಯನಕ್ಕೂ ಸೈನ್ಯದ್ದೇ ಹಣ. ಅದು ಜೈವಿಕ ಅಸ್ತ್ರಗಳ ಕೇಂದ್ರವಾದ ಫೋರ್ಟ್ ಡೆಟ್ರಿಕ್‌ನಿಂದ ಬರುತ್ತಿದೆ ಎಂಬುದು 1969ರಲ್ಲಿ ಬಯಲಾಯಿತು. ನಮ್ಮಲ್ಲಿ ಹೊರಗಿನ ಹಣದ ಸಂಶೋಧನೆಗಳ ಬಗ್ಗೆ 1974ರ ಪತ್ರಿಕಾ ವರದಿಗಳು ಗದ್ದಲ ಎಬ್ಬಿಸಿದ ಮೇಲೆ, ಜ್ಯೋತಿರ್ಮಯ ಬಸು ನೇತೃತ್ವದ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶಿ ಸಹಭಾಗಿತ್ವದ ಯೋಜನೆಗಳನ್ನು ಪರಿಶೀಲಿಸಿ 1975ರಲ್ಲಿ ವರದಿ ಕೊಟ್ಟಿತು.

ಮಂಗನ ಕಾಯಿಲೆಯನ್ನು ಅಮೆರಿಕವೇ ಬಿತ್ತಿತು ಎನ್ನುವವರಿದ್ದಾರೆ. ಅದಕ್ಕೆ ಪುರಾವೆ ಇಲ್ಲ, ನಾನದನ್ನು ನಂಬುವುದೂ ಇಲ್ಲ. ಸಲೀಂ ಅಲಿಯವರ ಹಕ್ಕಿಪ್ರೀತಿಯ ಬಗ್ಗೆಯೂ ನನಗೆ ಶಂಕೆಯಿಲ್ಲ. ಆದರೆ ಹಣ ಕೊಟ್ಟವರು ಸುಮ್ಮನೆ ಕೊಡುವುದಿಲ್ಲ. ಯಾವ ಪ್ರಶ್ನೆ ಕೇಳಬೇಕು, ಮಾದರಿಗಳು ಎಲ್ಲಿಗೆ ಹೋಗಬೇಕು ಎಂಬುದರಲ್ಲಿ ಅವರ ಮಾತೂ ನಡೆಯುತ್ತದೆ. ಅದನ್ನು ಮೊದಲೇ ಊರಿನವರಿಗೆ ಹೇಳದೇ ಹೋದರೆ ಒಳ್ಳೆಯ ವಿಜ್ಞಾನಿಯ ಮೇಲೂ ಗೂಢಚಾರನೆಂಬ ಮಾತು ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಮಲೆನಾಡಿಗೆ ಸಿಕ್ಕಿದ್ದೇನು? 2019ರಲ್ಲೂ ಸಾಗರದ ಅರಳಗೋಡಿನಲ್ಲಿ ಜನ ಈ ಜ್ವರದಿಂದ ಸತ್ತರು. ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು ನಿಂತುಹೋಯಿತು. ಇನ್ನು ಮುಂದೆ ಭೀಮೆಯ ದಂಡೆಗಾಗಲಿ ಶರಾವತಿಯ ಕಾಡಿಗಾಗಲಿ ರಕ್ತದ ಮಾದರಿ ಕೇಳಿಕೊಂಡು ಬರುವವರು, ಹಣ ಯಾರದು, ಮಾದರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕನ್ನಡದಲ್ಲಿ ಬರೆದು ಮೊದಲು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ.