ಕಾರ್ಟೂನ್‌ಗಾಗಿ ಊರಬಾಗಿಲು ತೆರೆಯಬೇಕೇ?

ವೈಟ್‌ಫೀಲ್ಡ್‌ನ ಹೋಪ್ ಫಾರ್ಮ್ ಆಸುಪಾಸಿನ ಯಾವ ಅಪಾರ್ಟ್‌ಮೆಂಟಿನಲ್ಲಾದರೂ ಭಾನುವಾರ ಸಂಜೆ ನಡೆಯಬಹುದಾದ ಪ್ರಸಂಗವಿದು. ಕರೆಂಟ್ ಹೋಗಿ ಬಂದಿದೆ. ಹಾಲ್‌ನ ಟಿವಿಯಲ್ಲಿ ಕೋಡಿ ಎಂಬ ಮೀಡಿಯಾ ಪ್ಲೇಯರ್ ತೆರೆದರೆ ಬೆಳಿಗ್ಗೆ ಸಾಲಾಗಿ ಕಾಣುತ್ತಿದ್ದ ಪೋಸ್ಟರ್‌ಗಳೆಲ್ಲ ಮಾಯ. ಮಗುವಿಗೆ ಕಾರ್ಟೂನ್ ಬೇಕೇ ಬೇಕು. ವಾರವಿಡೀ ಐಟಿಪಿಎಲ್‌ನಲ್ಲಿ ಕುಳಿತು ಯಾವುದೋ ದೇಶದ ಬ್ಯಾಂಕಿನ ಡೇಟಾಬೇಸ್ ಕಾಯುವ ಅಪ್ಪ, ಸ್ವಂತ ಮನೆಯ ಡೇಟಾಬೇಸಿನ ಮುಂದೆ ತಲೆ ಕೆರೆದುಕೊಳ್ಳುತ್ತಾನೆ.

ಏರ್ಪಾಟು ಸರಳವೇ. ಶೂ ರ್‍ಯಾಕ್ ಮೇಲಿನ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಮರಿಯಾಡಿಬಿ ಎಂಬ ಡೇಟಾಬೇಸ್ ಸರ್ವರ್ ಓಡುತ್ತಿದೆ. ಮನೆಯ ಟಿವಿಗಳೆಲ್ಲ ಅದನ್ನೇ ಕೇಳುವುದರಿಂದ, ಹಾಲ್‌ನಲ್ಲಿ ಅರ್ಧಕ್ಕೆ ಬಿಟ್ಟ ಸಿನಿಮಾ ಮಲಗುವ ಕೋಣೆಯಲ್ಲಿ ಅಲ್ಲಿಂದಲೇ ಶುರುವಾಗುತ್ತದೆ.

ಕೆಟ್ಟಾಗ ಕೋಡಿಯ ಲಾಗ್ ಫೈಲ್ ನಿಜ ಹೇಳುತ್ತದೆ. ಓದುವ ತಾಳ್ಮೆಯಷ್ಟೇ ಬೇಕು. ಅಪಾರ್ಟ್‌ಮೆಂಟಿನ ಗೇಟನ್ನೇ ನೆನೆಸಿಕೊಳ್ಳಿ. ದೋಷಸಂಖ್ಯೆ 2003 ಬಂದರೆ ಗೇಟಿನಲ್ಲಿ ಕೂಗಿದರೂ ಯಾರೂ ಓಗೊಡಲಿಲ್ಲ ಎಂದರ್ಥ: ವಿಳಾಸ ಬದಲಾಗಿದೆ, ಸರ್ವರ್ ಎದ್ದಿಲ್ಲ, ಫೈರ್‌ವಾಲ್ ಅಡ್ಡ ನಿಂತಿದೆ, ಇಲ್ಲವೇ ಸರ್ವರ್ 127.0.0.1 ಎಂಬ ತನ್ನ ಕೋಣೆಯೊಳಗಿನ ದನಿಗಷ್ಟೇ ಕಿವಿಗೊಡುತ್ತಿದೆ. 1130 ಎಂದರೆ ಕಾವಲುಗಾರ ಇದ್ದಾನೆ, ಪಟ್ಟಿಯಲ್ಲಿ ನಿಮ್ಮ ವಿಳಾಸವಿಲ್ಲ. 1045 ಆದರೆ ಬಳಕೆದಾರನ ಹೆಸರೋ ಪಾಸ್‌ವರ್ಡೋ ತಪ್ಪು. ಮೂರೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ.

ಈ ಮನೆಯಲ್ಲಿ ಬಂದದ್ದು 2003. ಕರೆಂಟ್ ಮರಳಿದಾಗ ರೂಟರ್, ಪೈಗೆ ಕೊಟ್ಟಿದ್ದ 192.168.1.10 ಬದಲು 192.168.1.14 ಕೊಟ್ಟಿದೆ. ಟಿವಿ ಮಾತ್ರ ಹಳೆಯ ವಿಳಾಸದ ಬಾಗಿಲನ್ನೇ ಬಡಿಯುತ್ತಿದೆ. ರೂಟರ್‌ನಲ್ಲಿ ಪೈಗೆ ಆ ಹಳೆಯ ವಿಳಾಸವನ್ನೇ ಕಾಯ್ದಿರಿಸಿ ಪೈಯನ್ನೊಮ್ಮೆ ಆರಿಸಿ ಹಚ್ಚಿದರೆ ಮುಗಿಯಿತು. ಐದು ನಿಮಿಷದ ಕೆಲಸ.

ಆದರೆ ಆಗುವುದೇ ಬೇರೆ. ಆಫೀಸಿನಲ್ಲಿ ಒಂದು ಸಾಲು ಬದಲಿಸಲು ಮೂವರ ಒಪ್ಪಿಗೆಗೆ ಕಾಯುವವನು ಮನೆಯಲ್ಲಿ ಹತ್ತೇ ನಿಮಿಷದಲ್ಲಿ ಫೈರ್‌ವಾಲ್ ಆರಿಸುತ್ತಾನೆ, ರೂಟ್ ಬಳಕೆದಾರನಿಗೆ ಎಲ್ಲ ಕಡೆಯಿಂದಲೂ ಪ್ರವೇಶ ಕೊಡುತ್ತಾನೆ, ಆಫೀಸಿನಿಂದಲೂ ನೋಡಬಹುದಲ್ಲ ಎಂದು ರೂಟರ್‌ನಲ್ಲಿ ಡೇಟಾಬೇಸಿನ 3306ನೇ ಪೋರ್ಟನ್ನು ಹೊರಜಗತ್ತಿಗೆ ತೆರೆದಿಡುತ್ತಾನೆ. ಇವುಗಳಲ್ಲಿ ಒಂದಕ್ಕೂ ಆ ಸಂಜೆಯ ದೋಷಕ್ಕೂ ಸಂಬಂಧವಿಲ್ಲ.

ಹೀಗೆ ತೆರೆದಿಡಬಾರದೆಂಬುದನ್ನು ಅತಿ ಎಚ್ಚರಿಕೆ ಎನ್ನುವವರು 2017ರ ಜನವರಿಯನ್ನು ನೆನೆಯಲಿ. ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿದವರು, ಹಣದ ಬೇಡಿಕೆಯ ಚೀಟಿ ಬಿಟ್ಟುಹೋಗಿದ್ದರು. 2022ರ ಮೇ ತಿಂಗಳಲ್ಲಿ ಸೈಬರ್ ಸುರಕ್ಷತಾ ಸಂಸ್ಥೆ ಶಾಡೋಸರ್ವರ್ ಫೌಂಡೇಶನ್ ಹುಡುಕಿದಾಗ ಇಂಟರ್‌ನೆಟ್ಟಿಗೆ ನೇರ ಓಗೊಟ್ಟ, ಮರಿಯಾಡಿಬಿಯ ಬಳಗದ ಮೈಎಸ್‌ಕ್ಯೂಎಲ್ ಸರ್ವರ್‌ಗಳು ಸುಮಾರು 36 ಲಕ್ಷ. ಇಂಥ ಬಾಗಿಲು ಹುಡುಕುವುದು ಯಂತ್ರಗಳು. ಅವಕ್ಕೆ ಬ್ಯಾಂಕೂ ಒಂದೇ, ಮಗುವಿನ ಕಾರ್ಟೂನ್ ಪಟ್ಟಿಯೂ ಒಂದೇ. ಅದೇ ಪೈಯಲ್ಲಿ ಕುಟುಂಬದ ಫೋಟೊಗಳೂ ಇರುತ್ತವೆ.

ಹೊರಗಿನಿಂದ ನೋಡಲೇಬೇಕೆಂದರೆ ಟೇಲ್‌ಸ್ಕೇಲ್‌ನಂಥ ವಿಪಿಎನ್ ಇದೆ. ಅನೇಕ ಗ್ರಾಹಕರನ್ನು ಒಂದೇ ಐಪಿ ವಿಳಾಸದ ಹಿಂದೆ ಕೂರಿಸುವ ಇಂಟರ್‌ನೆಟ್ ಸಂಪರ್ಕದಲ್ಲೂ ಅದು ನಡೆಯುತ್ತದೆ. ಪೋರ್ಟ್ ತೆರೆಯುವ ಉಪಾಯ ಅಲ್ಲಿ ಸಾಮಾನ್ಯವಾಗಿ ನಡೆಯುವುದೇ ಇಲ್ಲ.

ಕೊನೆಗೆ ಹೇಗೋ ಕಾರ್ಟೂನ್ ಬರುತ್ತದೆ, ಮಗು ನಗುತ್ತದೆ. ಯಾವ ಬದಲಾವಣೆಯಿಂದ ಸರಿಯಾಯಿತೆಂದು ಅಪ್ಪನಿಗೂ ಗೊತ್ತಿಲ್ಲ. ಸೋಮವಾರ ಬೆಳಿಗ್ಗೆ ಅವನು ಕಾಡುಗೋಡಿಯಲ್ಲಿ ಮೆಟ್ರೊ ಹತ್ತುವಾಗ 3306 ಇನ್ನೂ ತೆರೆದೇ ಇದೆ.