ಒಂದು ಪಿಯಾನೊ, ಒಂದು ದನಿ

ಎಲ್ಲಾ ಫಿಟ್ಜೆರಾಲ್ಡ್ ಎಂಬ ಹೆಸರನ್ನು ಕನ್ನಡದಲ್ಲಿ ಬರೆಯುವಾಗಲೆಲ್ಲ ನನಗೆ ಸಣ್ಣ ನಗು ಬರುತ್ತದೆ. ನಮ್ಮ ಕಿವಿಗೆ ‘ಎಲ್ಲಾ’ ಎಂದರೆ ಸಕಲವೂ. ಅಮೆರಿಕದ ಈ ಜಾಝ್ ಗಾಯಕಿಗೆ ಆ ಅರ್ಥವೂ ಒಪ್ಪುತ್ತದೆ ಅನ್ನಿ. ಮಂದ್ರದಿಂದ ತಾರಕ್ಕೆ ಸಲೀಸಾಗಿ ಹತ್ತಿಳಿಯುವ ಕಂಠ, ಗಡಿಯಾರದಂಥ ಲಯ. ಮಾತಿಲ್ಲದೆ ಬರೀ ‘ಶೂಬಿ ಡೂಬಿ’ ಅಂಥ ಅಕ್ಷರಗಳಲ್ಲೇ ತುತ್ತೂರಿಗೆ ಸಾಟಿಯಾಗಿ ಹಾಡುವ ಚಮತ್ಕಾರ ಬೇರೆ. ಜಾಝ್‌ನವರು ಅದನ್ನು ‘ಸ್ಕ್ಯಾಟ್’ ಅನ್ನುತ್ತಾರೆ. ಇಷ್ಟೆಲ್ಲ ಇದ್ದವರು ಅದರಲ್ಲಿ ಮುಕ್ಕಾಲು ಪಾಲನ್ನು ಪಕ್ಕಕ್ಕಿಟ್ಟು ಹಾಡಿದ ಒಂದು ಆಲ್ಬಮ್ ಇದೆ. ಈ ವಾರ ಅದರದ್ದೇ ಮಾತು.

1960ರ ಫೆಬ್ರುವರಿಯಲ್ಲಿ ಎಲ್ಲಾ ಬರ್ಲಿನ್ನಿನ ದೊಡ್ಡ ಸಭಾಂಗಣದಲ್ಲಿ ಸಾವಿರಾರು ಜನರ ಮುಂದೆ ಹಾಡುತ್ತಿದ್ದರು. ‘ಮ್ಯಾಕ್ ದಿ ನೈಫ್’ ಹಾಡಿನ ನಡುವೆ ಸಾಹಿತ್ಯ ಮರೆತೇ ಹೋಯಿತು. ಅವರು ನಿಲ್ಲಲಿಲ್ಲ. ಮರೆತಿದ್ದನ್ನೇ ಹಾಡಾಗಿ ಕಟ್ಟುತ್ತ, ಮಧ್ಯೆ ಲೂಯಿ ಆರ್ಮ್‌ಸ್ಟ್ರಾಂಗ್ ದನಿಯನ್ನು ಅಣಕಿಸಿ ಜನರನ್ನು ನಗಿಸಿ, ಹಾಡನ್ನು ದಡ ಮುಟ್ಟಿಸಿದರು. ಆ ಧ್ವನಿಮುದ್ರಣಕ್ಕೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ಎರಡೇ ತಿಂಗಳ ನಂತರ, ಏಪ್ರಿಲ್‌ನಲ್ಲಿ, ಇದೇ ಗಾಯಕಿ ಲಾಸ್ ಏಂಜಲೀಸ್‌ನ ಸ್ಟುಡಿಯೊ ಒಂದರಲ್ಲಿ ನಿಂತಿದ್ದರು. ಡ್ರಮ್ ಇಲ್ಲ, ತುತ್ತೂರಿಗಳಿಲ್ಲ, ಚಪ್ಪಾಳೆಯೂ ಇಲ್ಲ. ಜೊತೆಗಿದ್ದುದು ಪಾಲ್ ಸ್ಮಿತ್ ಅವರ ಪಿಯಾನೊ ಒಂದೇ. ಹಾಡಿದ್ದು ಹದಿಮೂರು ಹಾಡು.

ಒಂದು ಸಿನಿಮಾದ ನೆಪದಲ್ಲಿ ಈ ಆಲ್ಬಮ್ ಹುಟ್ಟಿತು. ‘ಲೆಟ್ ನೋ ಮ್ಯಾನ್ ರೈಟ್ ಮೈ ಎಪಿಟಾಫ್’ ಎಂಬ ಆ ಚಿತ್ರದಲ್ಲಿ ಎಲ್ಲಾ, ಮಾದಕ ವಸ್ತುವಿಗೆ ಸಿಕ್ಕಿಬಿದ್ದ ಗಾಯಕಿಯಾಗಿ ನಟಿಸಿದ್ದಾರೆ. ಚಿತ್ರವನ್ನು ಈಗ ನೆನೆಯುವವರು ಕಡಿಮೆ. ಹಾಡುಗಳು ಮಾತ್ರ ಉಳಿದುಕೊಂಡವು. ಮುಂದೆ ಸಿ.ಡಿ. ರೂಪದಲ್ಲಿ ಬಂದಾಗ ಅವಕ್ಕೆ ‘ದಿ ಇಂಟಿಮೇಟ್ ಎಲ್ಲಾ’ ಎಂಬ ಹೊಸ ಹೆಸರಾಯಿತು. ‘ಆಪ್ತ ಎಲ್ಲಾ’ ಅನ್ನೋಣ. ಒಳಗಿರುವುದಕ್ಕೆ ಈ ಹೆಸರೇ ಸರಿ.

ಇವುಗಳಲ್ಲಿ ಹೆಚ್ಚಿನವು ಆಗಲೇ ಹಳೆಯ ಹಾಡುಗಳು. ‘ಮೈ ಮೆಲಂಕಲಿ ಬೇಬಿ’ 1912ರಷ್ಟು ಹಿಂದೆಯೇ ಅಚ್ಚಾಗಿತ್ತು. ನಾಟಕಕ್ಕೋ ಸಿನಿಮಾಕ್ಕೋ ಹುಟ್ಟಿ, ಆಮೇಲೆ ಆ ನಾಟಕವನ್ನೇ ಬಿಟ್ಟು ಬಂದು, ಎಲ್ಲರ ಬಾಯಿಗೂ ಸೇರಿದ ಇಂಥ ಹಾಡುಗಳಿಗೆ ಜಾಝ್ ಲೋಕದಲ್ಲಿ ‘ಸ್ಟ್ಯಾಂಡರ್ಡ್’ ಎಂದು ಹೆಸರು. ಒಂದೇ ದಾಸರ ಪದವನ್ನು ಹತ್ತು ಗಾಯಕರಲ್ಲಿ ಕೇಳಿ ಬೆಳೆದ ನಮಗೆ ಇದೇನೂ ಹೊಸತಲ್ಲ. ಯಾವ ಹಾಡು ಎಂದು ಯಾರೂ ಕೇಳುವುದಿಲ್ಲ, ಇವರು ಹೇಗೆ ಹಾಡಿದರು ಎಂದು ಕೇಳುತ್ತಾರೆ.

‘ಸೆಪ್ಟೆಂಬರ್ ಸಾಂಗ್’ ತೆಗೆದುಕೊಳ್ಳಿ. ಸಂಗೀತ ಸಂಯೋಜಕ ಕುರ್ಟ್ ವೈಲ್ 1938ರಲ್ಲಿ ಒಂದು ನಾಟಕಕ್ಕಾಗಿ ಮಾಡಿದ್ದು. ಹಾಡಬೇಕಿದ್ದವರು ವಾಲ್ಟರ್ ಹ್ಯೂಸ್ಟನ್ ಎಂಬ ನಟ. ಅವರದು ತರಬೇತಾದ ಕಂಠವಲ್ಲ, ಎಟುಕುವ ಸ್ವರಗಳೂ ಕೆಲವೇ. ಆ ಕೆಲವು ಸ್ವರಗಳ ಅಳತೆಗೇ ವೈಲ್ ಹಾಡನ್ನು ಹೊಲಿದರು. ವಯಸ್ಸಾದವನೊಬ್ಬ ತನಗೆ ಉಳಿದಿರುವ ದಿನಗಳನ್ನು ಎಣಿಸುವ ಹಾಡು ಅದು. ನಮಗೆ ಸೆಪ್ಟೆಂಬರ್ ಎಂದರೆ ಗಣೇಶನ ಚಪ್ಪರ, ಬಿಟ್ಟು ಬಿಟ್ಟು ಬರುವ ಮಳೆ. ಅವರಿಗೆ ಅದು ಎಲೆ ಕೆಂಪಾಗಿ ಉದುರಲು ಶುರುವಾಗುವ ತಿಂಗಳು. ನಟನ ಪುಟ್ಟ ಕಂಠಕ್ಕೆಂದು ಮಾಡಿದ ಹಾಡು ಎಲ್ಲಾ ಅವರಂಥ ದೊಡ್ಡ ಗಾಯಕಿಯ ಕೈಗೆ ಬಂದಾಗ ಸಂಗತಿಗಳ ಮಳೆ ಸುರಿಸಬಹುದಿತ್ತು. ಅವರು ಹಾಗೆ ಮಾಡುವುದಿಲ್ಲ. ಇರುವಷ್ಟೇ ಜಾಗದಲ್ಲಿ ನಿಧಾನವಾಗಿ ನಡೆಯುತ್ತಾರೆ.

‘ಒನ್ ಫಾರ್ ಮೈ ಬೇಬಿ’ಯಲ್ಲಿ ಇದು ಇನ್ನೂ ಚೆನ್ನಾಗಿ ಕಿವಿಗೆ ಬೀಳುತ್ತದೆ. ನಡುರಾತ್ರಿ ದಾಟಿದ ಮೇಲೆ ಖಾಲಿ ಬಾರಿನಲ್ಲಿ ಕೂತು, ಗ್ಲಾಸು ತುಂಬಿಸುವವನ ಹತ್ತಿರ ಹೇಳಿಯೂ ಹೇಳದಂತೆ ದುಃಖ ತೋಡಿಕೊಳ್ಳುವ ಸಂದರ್ಭ. ಇಲ್ಲಿ ಅತ್ತುಬಿಡುವುದು ಸುಲಭ. ಎಲ್ಲಾ ಅಳುವುದಿಲ್ಲ, ಮಾತಾಡುವ ಹಾಗೆ ಹಾಡುತ್ತಾರೆ. ನಮ್ಮ ಉಗಾಭೋಗದಲ್ಲಿ ತಾಳದ ಹಂಗಿಲ್ಲದೆ ಮಾತು ತನ್ನ ಉಸಿರಿನಲ್ಲೇ ಸಾಗುತ್ತದಲ್ಲ, ಅದರ ಹತ್ತಿರದ ನೆಂಟನಂಥ ನಡೆ ಈ ಆಲ್ಬಮ್ಮಿನ ಅಲ್ಲಲ್ಲಿ ಇದೆ. ಪಾಲ್ ಸ್ಮಿತ್ ಒಳ್ಳೆಯ ಪಕ್ಕವಾದ್ಯದವರು. ದನಿ ನಿಂತಲ್ಲಿ ಎರಡು ಸ್ವರ ಇಟ್ಟು ಸುಮ್ಮನಾಗುತ್ತಾರೆ.

ಬಿಲ್ಲಿ ಹಾಲಿಡೇ ಹಾಡಿದರೆ ನೋವು ಕೇಳಿಸುತ್ತದೆ, ಎಲ್ಲಾ ಹಾಡಿದರೆ ಬರೀ ಸಂತೋಷ ಎನ್ನುವ ದೂರು ಜಾಝ್ ಕೇಳುವವರಲ್ಲಿ ಹಳೆಯದು. 1958ರ ‘ಲೇಡಿ ಇನ್ ಸ್ಯಾಟಿನ್’ನಲ್ಲಿ ಬಿಲ್ಲಿಯ ಒಡೆದ ದನಿ ಕೇಳಿದವರು ಹಾಗೆ ಹೇಳಿದರೆ ಆಶ್ಚರ್ಯವಿಲ್ಲ. ಅಂಥವರ ಕೈಗೆ ನಾನು ಈ ಆಲ್ಬಮ್ ಕೊಡುತ್ತೇನೆ, ವಾದಕ್ಕೆ ಹೋಗುವುದಿಲ್ಲ.

ಇಷ್ಟು ವರ್ಷ ಕೇಳಿದ್ದನ್ನು ಈಗ ಮತ್ತೆ ತೆಗೆದದ್ದಕ್ಕೆ ಕಾರಣ ನನ್ನ ತಮ್ಮನ ಮಗಳು. ಹನ್ನೆರಡು ವರ್ಷ. ಶ್ರುತಿ ಬಿಡದೆ ಹಾಡುತ್ತಾಳೆ, ಆದರೆ ದನಿ ಮೆಲು. ಒಂದು ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು ಮೈಕಿನಲ್ಲೇ, ಎಲ್ಲರೆದುರು, “ಕಂಠ ಸಾಲದಮ್ಮ, ಹಿಂದಿನ ಸಾಲಿಗೆ ಕೇಳಿಸುವ ಹಾಗೆ ಹಾಡಬೇಕು” ಅಂದರು. ಅಂದಿನಿಂದ ಮನೆಯಲ್ಲಿ ಹಾಡು ನಿಂತಿದೆ. ಅವರಪ್ಪ ಬೇರೆ ಮೇಷ್ಟ್ರನ್ನು ಹುಡುಕುತ್ತಿದ್ದಾನೆ, ಗಟ್ಟಿಯಾಗಿ ಹಾಡಿಸುವವರನ್ನು.

ರಜೆಗೆ ಬಂದಿದ್ದವಳು ನನ್ನ ಜೊತೆ ಅವರೆಕಾಯಿ ಸುಲಿಯುತ್ತ ‘ಮಿಸ್ಟಿ’ ಕೇಳಿದಳು.

“ಅತ್ತೆ, ಇವರಿಗೆ ಗಟ್ಟಿಯಾಗಿ ಹಾಡಕ್ಕೆ ಬರಲ್ವಾ?”

ಬರ್ಲಿನ್ ಕಛೇರಿ ಹಾಕಿದೆ. ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

“ಇಬ್ಬರೂ ಒಬ್ಬರೇನಾ? ಮತ್ತೆ ಅಲ್ಯಾಕೆ ಹಾಗೆ ಹಾಡಿದ್ರು?”

ಅವಳಿಗೆ ಮೈಕಿನ ಕಥೆ ಹೇಳಿದೆ. 1925ರ ಸುಮಾರಿಗೆ ವಿದ್ಯುತ್ ಧ್ವನಿಮುದ್ರಣ ಬರುವ ತನಕ ಗಾಯಕರು ದೊಡ್ಡ ಕೊಳವೆಯ ಬಾಯಿಗೆ ಮುಖ ಕೊಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ದನಿಯ ಬಲದಿಂದಲೇ ಸೂಜಿ ಅಲುಗಾಡಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಮೈಕು ಬಂದ ಮೇಲೆ ಪಿಸುಮಾತೂ ಮುದ್ರಣವಾಯಿತು. ಬಿಂಗ್ ಕ್ರಾಸ್ಬಿಯಂಥವರು ಕೇಳುಗರ ಪಕ್ಕದಲ್ಲೇ ಕೂತು ಹೇಳುವ ಹಾಗೆ ಹಾಡಲು ಶುರು ಮಾಡಿದ್ದು ಆಗ. ಹಿಂದಿನ ಸಾಲಿಗೆ ಕೇಳಿಸುವ ಕೆಲಸವನ್ನು ಮೈಕು ವಹಿಸಿಕೊಂಡಿತು. ಉಸಿರು, ಉಚ್ಚಾರ, ಎಲ್ಲಿ ನಿಲ್ಲಿಸಬೇಕೆಂಬ ಯೋಚನೆ ಗಾಯಕರದಾಯಿತು. ಮೆಲ್ಲಗೆ ಹಾಡುವುದು ಸುಲಭ ಎಂದು ನಾನು ಅವಳಿಗೆ ಹೇಳಲಿಲ್ಲ, ಏಕೆಂದರೆ ಅಲ್ಲ. ವಾದ್ಯಗಳ ಮರೆ ಇಲ್ಲದಾಗ ಶ್ರುತಿ ಎಳ್ಳಷ್ಟು ಸರಿದರೂ ಗೊತ್ತಾಗುತ್ತದೆ.

“ಇವರಿಗೆ ಯಾರೂ ಏನೂ ಅಂದಿಲ್ವಾ?” ಅಂದಳು.

ಅಂದಿದ್ದಾರೆ. ಹದಿನೈದರ ಹೊತ್ತಿಗೆ ತಾಯಿಯನ್ನು ಕಳೆದುಕೊಂಡು, ಸುಧಾರಣಾ ಶಾಲೆಗೆ ಸೇರಿ, ಅಲ್ಲಿಂದ ತಪ್ಪಿಸಿಕೊಂಡು ನ್ಯೂಯಾರ್ಕಿನ ಹಾರ್ಲೆಮ್ ಬೀದಿಗಳಲ್ಲಿ ದಿನ ಕಳೆದ ಹುಡುಗಿ ಎಲ್ಲಾ. 1934ರ ನವೆಂಬರ್ 21ರಂದು ಅಪೋಲೋ ಥಿಯೇಟರಿನ ಸ್ಪರ್ಧೆಗೆ ಬಂದದ್ದು ಕುಣಿಯಲೆಂದು. ತನಗಿಂತ ಮುಂಚೆ ಕುಣಿದ ಅಕ್ಕತಂಗಿಯರನ್ನು ಕಂಡು ಕಾಲು ನಡುಗಿ, ನಿಂತಲ್ಲೇ ಹಾಡಲು ತೀರ್ಮಾನಿಸಿದರು. ಮಾಸಿದ ಬಟ್ಟೆ ನೋಡಿ ಜನ ಗುಸುಗುಸು ಅಂದರು. ಮೊದಲ ಬಹುಮಾನ, 25 ಡಾಲರ್, ಅವರಿಗೇ ಬಂತು. ಮರುವರ್ಷ ಚಿಕ್ ವೆಬ್ ವಾದ್ಯವೃಂದ ಸೇರುವಾಗಲೂ ನಾಯಕನಿಗೆ ಆಕೆಯ ರೂಪ ನೋಡಿ ಮನಸ್ಸಿರಲಿಲ್ಲ, ಹಾಡು ಕೇಳಿದ ಮೇಲೆ ಒಪ್ಪಿದರು. 1938ರಲ್ಲಿ ದೇಶಕ್ಕೆಲ್ಲ ಎಲ್ಲಾ ಹೆಸರು ಹಬ್ಬಿಸಿದ ‘ಎ-ಟಿಸ್ಕೆಟ್, ಎ-ಟಾಸ್ಕೆಟ್’ಗೆ ಮೂಲ ಒಂದು ಶಿಶುಗೀತೆ, ಮಕ್ಕಳು ಆಡುತ್ತ ಹಾಡುವಂಥದ್ದು. ಇದನ್ನು ಕೇಳಿ ಹುಡುಗಿಗೆ ಖುಷಿಯಾಯಿತು.

ತಮ್ಮನಿಗೆ ಫೋನಿನಲ್ಲಿ ನನ್ನ ಅಭಿಪ್ರಾಯ ಹೇಳಿದ್ದೇನೆ: ಮೇಷ್ಟ್ರನ್ನು ಬದಲಿಸಬೇಡ, ಅವಳಿಗೆ ಮೈಕಿನ ಮುಂದೆ ನಿಲ್ಲುವುದನ್ನು ಯಾರಾದರೂ ಕಲಿಸಲಿ. “ನೋಡೋಣ ಅಕ್ಕ” ಅಂದಿದ್ದಾನೆ. ಮುಂದಿನ ಸ್ಪರ್ಧೆಯ ಅರ್ಜಿ ಇನ್ನೂ ತುಂಬಿಲ್ಲ.

ನೀವೂ ಕೇಳುವುದಾದರೆ ಇಡೀ ಆಲ್ಬಮ್ ಸುಮಾರು ನಲವತ್ತು ನಿಮಿಷ. ಅಡುಗೆಮನೆಯ ಕೆಲಸ ಮುಗಿದ ಮೇಲೆ, ಟಿ.ವಿ. ಆರಿಸಿ, ಸಾಧ್ಯವಾದರೆ ಫ್ಯಾನನ್ನೂ ನಿಲ್ಲಿಸಿ ಕೂತುಕೊಳ್ಳಿ. ಮೊದಲು ಬರುವುದು ‘ಬ್ಲ್ಯಾಕ್ ಕಾಫಿ’, ನಿದ್ದೆ ಬಾರದ ಹೆಂಗಸಿನ ಹಾಡು. ಮಕ್ಕಳ ಜೊತೆ ಕೇಳುವವರು ‘ಮಿಸ್ಟಿ’ಯಿಂದ ಶುರು ಮಾಡಬಹುದು. ಅದರ ಸಂಗೀತ ಎರೋಲ್ ಗಾರ್ನರ್ ಅವರದು. ಸ್ವರಲಿಪಿ ಓದಲು ಬಾರದ ಅವರು ವಿಮಾನದಲ್ಲಿ ಹೊಳೆದ ಧಾಟಿಯನ್ನು, ಇಳಿದು ಪಿಯಾನೊ ಸಿಗುವ ತನಕ ಗುನುಗುತ್ತಲೇ ಉಳಿಸಿಕೊಂಡರು ಎನ್ನುವುದು ಪ್ರಸಿದ್ಧ ಕಥೆ. ನಮ್ಮ ಹುಡುಗಿ ಅದನ್ನು ಮೂರು ಸಲ ಹಾಕಿಸಿಕೊಂಡಳು.