ಕಾರಿನ ಹಳದಿ ಪೊರೆ: ಕೀಳಬೇಕೋ, ಬಿಡಬೇಕೋ?

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ರಿಲೀಸು, ಡೆಡ್‌ಲೈನು ಅಂತ ಹೇಳೋಕೆ ನೆಪ ಇದ್ದೇ ಇದೆ, ಬಿಡಿ. ಮೊನ್ನೆ ಎರಡು ದಿನ ರಜೆ ಹಾಕಿ ಊರಿಗೆ, ಅಂದ್ರೆ ಹೊಸಪೇಟೆಗೆ ಹೋಗಿದ್ದೆ. ಅಲ್ಲಿ ನನಗೂ ಅಪ್ಪನಿಗೂ ಒಂದು ಜಗಳ ಆಯ್ತು. ಆಸ್ತಿ ಜಗಳ ಅಲ್ಲ, ನನ್ನ ಮದುವೆ ವಿಚಾರವೂ ಅಲ್ಲ (ಅದಕ್ಕೆ ಬೇರೆ ಪೋಸ್ಟೇ ಬೇಕು!). ಕಾರಿನ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯ ಜಗಳ.

ಅಪ್ಪ 2017ರಲ್ಲಿ ರಿಟೈರ್ ಆದಾಗ ಬಂದ ದುಡ್ಡಲ್ಲಿ ಒಂದು ಬಿಳಿ ಕಾರು ತಗೊಂಡರು. ಅವರ ಜೀವಮಾನದ ಮೊದಲ ಕಾರು. ಆರೇ ತಿಂಗಳಲ್ಲಿ ಸಂಡೂರು ರಸ್ತೆಯಲ್ಲಿ ಅದಿರು ಲಾರಿಯೊಂದು ಎಡಗಡೆ ಫೆಂಡರನ್ನು ಉಜ್ಜಿಕೊಂಡು ಹೋಯಿತು. ನಮ್ಮ ಕಡೆ ಗಾಡಿ ಓಡಿಸಿದವರಿಗೆ ಗೊತ್ತು, ಆ ಲಾರಿಗಳ ಹಿಂದೆ ಹೋದರೆ ಕೆಂಪು ಧೂಳಿನ ಜೊತೆಗೆ ಸಣ್ಣ ಸಣ್ಣ ಕಲ್ಲು ಟಪ್ ಟಪ್ ಅಂತ ಬಾನೆಟ್ಟಿಗೆ ಬಡಿಯುತ್ತವೆ. ಅಪ್ಪನಿಗೆ ಎರಡು ದಿನ ಊಟ ಸೇರಲಿಲ್ಲ. ಫೆಂಡರಿಗೆ ಗ್ಯಾರೇಜೊಂದರಲ್ಲಿ ಪೇಂಟ್ ಮಾಡಿಸಿದರು. ಆಮೇಲೆ ಯಾರೋ ಹೇಳಿದರು ಅಂತ ಬಾನೆಟ್ಟು, ಎರಡೂ ಫೆಂಡರು, ಮುಂದಿನ ಬಂಪರಿಗೆ ಪಿಪಿಎಫ್, ಅಂದ್ರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಹಾಕಿಸಿಕೊಂಡು ಬಂದರು. ಐದು ವರ್ಷದ ವಾರಂಟಿ ಕಾರ್ಡು ಈಗಲೂ ಬೀರುವಿನಲ್ಲಿದೆ. ಅಂಗಡಿ ಇದ್ದ ಜಾಗದಲ್ಲಿ ಮಾತ್ರ ಈಗ ಬಿರಿಯಾನಿ ಹೋಟೆಲ್ ಇದೆ :)

ಈಗ ಆ ಫಿಲ್ಮು ಹಳದಿಯಾಗಿದೆ. ಹಿಂದಿನಿಂದ ನೋಡಿದರೆ ಬಿಳಿ ಕಾರು, ಮುಂದಿನಿಂದ ನೋಡಿದರೆ ಅರಿಶಿನ ಶಾಸ್ತ್ರ ಮುಗಿಸಿಕೊಂಡು ಎದ್ದು ಬಂದ ಮದುಮಗ. ನಾನು ಕಿತ್ತುಬಿಡೋಣ ಅಂದೆ. ಅಪ್ಪ ಬಿಲ್‌ಕುಲ್ ಬೇಡ ಅಂದರು. "ಇಷ್ಟು ವರ್ಷ ಕಾಪಾಡಿದೆ, ಇನ್ನೂ ಕಾಪಾಡುತ್ತೆ. ಕಿತ್ತರೆ ಬಣ್ಣಾನೂ ಜೊತೆಗೇ ಬರುತ್ತೆ."

ನಿಜ ಹೇಳಬೇಕಂದ್ರೆ ಅಪ್ಪನ ಮಾತಿನಲ್ಲಿ ಅರ್ಧ ಸತ್ಯ ಇತ್ತು. ಇಂಥ ವಿಷಯಕ್ಕೆ ಯಾರನ್ನು ಕೇಳಿದರೂ "ಹಳದಿ ಆಯ್ತಾ? ಕಿತ್ತು ಹೊಸದು ಹಾಕಿಸಿ" ಅಂತಾರೆ. ಹೊಸದು ಮಾರೋರು ಇನ್ನೇನು ಹೇಳ್ತಾರೆ! ಆದರೆ ಹಳದಿಯಾಗೋದು ಫಿಲ್ಮು ಮತ್ತು ಅದರ ಅಂಟು, ಕೆಳಗಿನ ಬಣ್ಣವಲ್ಲ. ಹಾಗಾಗಿ ನೋಡೋಕೆ ಚೆನ್ನಾಗಿಲ್ಲ ಅನ್ನೋದೊಂದೇ ಕಾರಣಕ್ಕೆ ಕೀಳಬೇಕಾಗಿಲ್ಲ. ಕೀಳಬೇಕಾದ್ದು ಬೇರೆ ಕಾರಣಕ್ಕೆ. ಅದನ್ನ ಹೇಳೋಕೇ ಈ ಪೋಸ್ಟು.

ಈ ಫಿಲ್ಮಿನ ಮೂಲ ಗೊತ್ತಾ? ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದ ಹೆಲಿಕಾಪ್ಟರ್ ರೆಕ್ಕೆಗಳ ಅಂಚಿಗೆ ಅಂಟಿಸೋಕೆ ಅಂತ 3ಎಂ ಕಂಪನಿ ತಯಾರಿಸಿದ ಪಾಲಿಯುರೆಥೇನ್ ಟೇಪು ಅದರ ಅಜ್ಜ. ಅಲ್ಲಿಂದ ರೇಸ್ ಕಾರುಗಳಿಗೆ ಬಂತು, ಆಮೇಲೆ ನಮ್ಮಂಥವರ ಕಾರುಗಳಿಗೂ. ಅಂದ್ರೆ ಹುಟ್ಟಿನಿಂದಲೇ ಅದು ಏಟು ತಿಂದು ಸವೆಯಲಿ ಅಂತ ಮಾಡಿದ ಪದರ. ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್ ದಪ್ಪ ಇರುತ್ತೆ. ಫ್ಯಾಕ್ಟರಿ ಪೇಂಟು ಪ್ರೈಮರು, ಬಣ್ಣ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟು ಎಲ್ಲಾ ಸೇರಿದರೂ ಹೆಚ್ಚುಕಮ್ಮಿ 100ರಿಂದ 150 ಮೈಕ್ರಾನು ಅಷ್ಟೇ. ಅಂದ್ರೆ ಕಾಪಾಡೋನು ಕಾಪಾಡಿಸಿಕೊಳ್ಳೋನಿಗಿಂತ ದಪ್ಪ!

ಫಿಲ್ಮಿನಲ್ಲೂ ಜಾತಿಗಳಿವೆ. ಒಳ್ಳೇದು ಟಿಪಿಯು. ರಬ್ಬರಿನ ಹಾಗೆ ಎಳೆದರೆ ಎಳೆಯುತ್ತೆ, ಸಣ್ಣ ಗೀರು ಬಿದ್ದರೆ ಬಿಸಿಲಿಗೆ ತಾನೇ ಮುಚ್ಚಿಕೊಳ್ಳುತ್ತೆ. ಅಗ್ಗದ್ದು ಪಿವಿಸಿ. ಅದನ್ನು ಮೆತ್ತಗೆ ಇಡೋಕೆ ಸೇರಿಸಿದ ಪ್ಲಾಸ್ಟಿಸೈಸರು ವರ್ಷಗಳು ಕಳೆದಂತೆ ಹೊರಗೆ ಹೋಗಿಬಿಡುತ್ತೆ. ಆಮೇಲೆ ಹಪ್ಪಳದ ಹಾಗೆ ಗಟ್ಟಿಯಾಗಿ, ಕುಗ್ಗಿ, ಬಿರುಕು ಬಿಡುತ್ತೆ. ಏಪ್ರಿಲ್ ಬಿಸಿಲಲ್ಲಿ ನಮ್ಮೂರಲ್ಲಿ ನಿಂತ ಕಾರಿನ ಬಾನೆಟ್ಟು ಮುಟ್ಟಿದರೆ ಚುರ್ ಅನ್ನುತ್ತೆ, ದೋಸೆ ಹೊಯ್ಯಬಹುದು. ಅಂಥ ಕಡೆ ಎರಡೂ ಜಾತಿಯ ಆಯಸ್ಸು ಕಮ್ಮಿಯೇ.

ಇಲ್ಲೇ ವಿಷಯ ಇರೋದು. ಫಿಲ್ಮು ಮೆತ್ತಗಿರೋ ತನಕ ಕಿತ್ತರೆ ಇಡೀ ಹಾಳೆಯಾಗಿ ಬರುತ್ತೆ. ಗಟ್ಟಿಯಾದ ಮೇಲೆ ಉಗುರಿನಷ್ಟಗಲ ಚೂರುಗಳಾಗಿ ಬರುತ್ತೆ, ಅಂಟೆಲ್ಲ ಪೇಂಟಿನ ಮೇಲೇ ಉಳಿಯುತ್ತೆ. ಆ ಅಂಟು ಕೆರೆಯೋ ಗಡಿಬಿಡಿಯಲ್ಲಿ, ಯಾವ ಗೀರು ಬೀಳಬಾರದು ಅಂತ ಇಷ್ಟು ವರ್ಷ ಕಾದಿದ್ವೋ ಆ ಗೀರನ್ನ ನಾವೇ ಹಾಕಿರ್ತೀವಿ. ನಮ್ಮ ಆಫೀಸಲ್ಲೂ ಹೀಗೇ. "ಓಡ್ತಿದೆ ತಾನೇ, ಮುಟ್ಟಬೇಡ" ಅಂತ ಎಂಟು ವರ್ಷ ಬಿಟ್ಟ ಲೈಬ್ರರಿಯನ್ನ ಕೊನೆಗೊಂದು ದಿನ ಅಪ್‌ಗ್ರೇಡ್ ಮಾಡಲೇಬೇಕಾಗಿ ಬಂದಾಗ ಮೂರು ವೀಕೆಂಡು ಹೋಗಿತ್ತು, ಅದೂ ನಂದೇ.

ಹಾಗಾಗಿ ವರ್ಷ ಎಣಿಸಬೇಡಿ, ಬಣ್ಣಾನೂ ನೋಡಬೇಡಿ, ಅಂಚು ನೋಡಿ ಅನ್ನೋದು ನನ್ನ ವಾದ. ಮೂಲೆಯಲ್ಲಿ ಉಗುರು ಹಾಕಿ ಚೂರು ಎತ್ತಿ. ಬಾಗಿದರೆ ಇನ್ನೂ ಟೈಮಿದೆ, ಬೇಕಾದರೆ ಬಿಡಿ. ಬಾಗುತ್ತೆ, ಆದರೆ ಬೆಳ್ಳಗೆ ಗೆರೆ ಮೂಡುತ್ತೆ ಅಂದ್ರೆ ಇದೇ ಸರಿಯಾದ ಸಮಯ. ಚಟ್ ಅಂತ ಮುರಿದರೆ ತಡವಾಗಿದೆ, ಆದರೂ ಇವತ್ತೇ ಕೀಳಿ, ಯಾಕಂದ್ರೆ ನಾಳೆ ಇನ್ನೂ ಕಷ್ಟ. ನಮ್ಮದು ಎರಡನೇ ಥರದ್ದು.

ಅಪ್ಪನನ್ನ ಒಪ್ಪಿಸೋಕೆ ಬಾನೆಟ್ಟಿನ ಒಂದು ಮೂಲೆ ಮಾತ್ರ ಅಂತ ಕರಾರು ಮಾಡಿಕೊಂಡೆ. ಬೆಳಿಗ್ಗೆ ನೆರಳಲ್ಲಿ ಶುರು ಮಾಡಿದೆ, ಅದು ನನ್ನ ಮೊದಲ ತಪ್ಪು. ತಣ್ಣಗಿರೋ ಫಿಲ್ಮು ಎರಡಿಂಚು ಬಂದು ಹರಿಯಿತು. ಅಪ್ಪ ಏನೂ ಮಾತಾಡದೆ ಪೇಪರ್ ಹಿಡಿದು ಕೂತರು. ಆ ಮೌನ ಇದೆಯಲ್ಲ, ಬೈದಿದ್ದರೇ ವಾಸಿಯಿತ್ತು! ಕಾರನ್ನ ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ, ಅಮ್ಮನ ಹಳೇ ಹೇರ್ ಡ್ರೈಯರ್ ತಂದು ಮತ್ತೆ ಶುರು ಮಾಡಿದೆ. ಮೇಲಕ್ಕೆ ಎಳೆಯಬಾರದು. ಹಾಳೆಯನ್ನ ಅದರ ಮೇಲಕ್ಕೇ ಮಡಚಿದ ಹಾಗೆ, ಪೇಂಟಿಗೆ ಆದಷ್ಟೂ ಹತ್ತಿರದ ಕೋನದಲ್ಲಿ, ನಿಧಾನಕ್ಕೆ ಎಳೆಯಬೇಕು. ಬಂತು ನೋಡಿ! ಕೆಳಗೆ 2018ರ ಬಿಳುಪು ಹಾಗೇ ಕೂತಿತ್ತು. ಪಕ್ಕದಲ್ಲಿ ಫಿಲ್ಮಿಲ್ಲದ ಬಾಗಿಲು ಸಪ್ಪಗೆ ಕಾಣ್ತಿತ್ತು. ಅಪ್ಪ ಪೇಪರ್ ಮಡಚಿಟ್ಟು ಬಂದು ಮುಟ್ಟಿ ನೋಡಿದರು. ಮಧ್ಯಾಹ್ನದೊಳಗೆ ಬಾನೆಟ್ಟು, ಬಂಪರು, ಬಲಗಡೆ ಫೆಂಡರು ಮುಗಿಯಿತು. ಉಳಿದ ಅಂಟಿಗೆ ಐಸೋಪ್ರೊಪೈಲ್ ಆಲ್ಕೋಹಾಲು, ಮೈಕ್ರೋಫೈಬರ್ ಬಟ್ಟೆ. (ಥಿನ್ನರ್ ಹಚ್ಚೋಕೆ ಹೋಗಬೇಡಿ, ದಮ್ಮಯ್ಯ.)

ಉಳಿದದ್ದು ಎಡಗಡೆ ಫೆಂಡರು, ಆ ಲಾರಿ ಉಜ್ಜಿದ್ದು.

ಗೆಳೆಯನೊಬ್ಬನಿಂದ ಪೇಂಟ್ ಮೀಟರ್ ತಂದಿದ್ದೆ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋರು ಬಳಸ್ತಾರಲ್ಲ ಅದು. ಕಬ್ಬಿಣದ ತಗಡಿನ ಮೇಲೆ ಎಷ್ಟು ದಪ್ಪ ಪದರ ಇದೆ ಅಂತ ಹೇಳುತ್ತೆ, ಫಿಲ್ಮಿದ್ದರೆ ಅದನ್ನೂ ಸೇರಿಸಿಯೇ ಹೇಳುತ್ತೆ. (ಪ್ಲಾಸ್ಟಿಕ್ ಬಂಪರಿನ ಮೇಲೆ ಇದರ ಆಟ ನಡೆಯಲ್ಲ.) ಬಾನೆಟ್ಟು ಫಿಲ್ಮಿನ ಜೊತೆ 300, ಕಿತ್ತ ಮೇಲೆ 120 ತೋರಿಸಿತ್ತು. ಅಂದ್ರೆ ಫಿಲ್ಮು 180. ಎಡ ಫೆಂಡರ್ 460 ತೋರಿಸಿತು. 180 ಕಳೆದರೆ 280. ಫ್ಯಾಕ್ಟರಿ ಪೇಂಟಿನ ಎರಡರಷ್ಟಕ್ಕಿಂತ ಜಾಸ್ತಿ. ಪುಟ್ಟಿ, ಮೇಲೊಂದಿಷ್ಟು ಗ್ಯಾರೇಜ್ ಬಣ್ಣ. ಫ್ಯಾಕ್ಟರಿಯಲ್ಲಿ ಬಣ್ಣವನ್ನ ಹೆಚ್ಚು ಶಾಖದಲ್ಲಿ ಬೇಯಿಸಿರ್ತಾರೆ, ಅದು ಲೋಹವನ್ನ ಗಟ್ಟಿಯಾಗಿ ಹಿಡಿದಿರುತ್ತೆ. ಗ್ಯಾರೇಜಿನಲ್ಲಿ ಹೊಡೆದದ್ದರ ಹಿಡಿತ ಕೆಳಗೆ ಎಷ್ಟು ಚೆನ್ನಾಗಿ ಉಜ್ಜಿ ತಯಾರಿ ಮಾಡಿದ್ದರು ಅನ್ನೋದರ ಮೇಲೆ. ಫಿಲ್ಮಿನ ಅಂಟು ಅದಕ್ಕಿಂತ ಬಲವಾಗಿದ್ದರೆ ಬಣ್ಣ ಸಮೇತ ಬರುತ್ತೆ. ಅಪ್ಪ ಹೇಳಿದ ಅರ್ಧ ಸತ್ಯ ಇದೇ.

ಬಿಟ್ಟುಬಿಡಬಹುದಿತ್ತು. ತಿಳಿದವರು ಕೆಲವರು ಹಾಗೇ ಹೇಳ್ತಾರೆ, ಮರುಬಣ್ಣದ ಮೇಲಿನ ಫಿಲ್ಮು ಮುಟ್ಟಬೇಡಿ ಅಂತ. ಆದರೆ ಅದೇನು ಅಲ್ಲೇ ಹಾಗೇ ಇರುತ್ತಾ? ಇನ್ನೆರಡು ಬೇಸಿಗೆ ಕಳೆದರೆ ಗಟ್ಟಿಯಾಗಿ ತಾನೇ ಸಿಪ್ಪೆ ಏಳುತ್ತೆ, ಆಗ ಒಂದು ಕಡೆ ಹೋಗೋ ಬಣ್ಣ ಹತ್ತು ಕಡೆ ಹೋಗುತ್ತೆ. ಇದನ್ನೆಲ್ಲ ಅಪ್ಪನಿಗೆ ಹೇಳಿ, ಬಣ್ಣ ಹೋಗಲೂಬಹುದು ಅಂತಾನೂ ಹೇಳಿ, ನಿಮ್ಮ ಕಾರು ನೀವೇ ಹೇಳಿ ಅಂದೆ. ಸುಮಾರು ಹೊತ್ತು ಸುಮ್ಮನಿದ್ದು "ನಿಧಾನಕ್ಕೆ ಎಳಿ" ಅಂದರು.

ಇಡೀ ಫೆಂಡರಿಗೆ ಒಂದೂವರೆ ಗಂಟೆ ತಗೊಂಡೆ. ಕೊನೇ ಅಂಚಲ್ಲಿ, ಚಕ್ರದ ಮೇಲ್ಗಡೆ, ಹತ್ತು ರೂಪಾಯಿ ನಾಣ್ಯದಷ್ಟು ಬಣ್ಣ ಫಿಲ್ಮಿನ ಜೊತೆ ಎದ್ದು ಬಂತು. ಕೆಳಗೆ ಬೂದು ಬಣ್ಣದ ಪುಟ್ಟಿ. ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯ್ತು. ಅಪ್ಪ ಬಗ್ಗಿ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು, "ಲಾರಿಯವನು ಉಜ್ಜಿದ್ದು ಸರಿಯಾಗಿ ಇಲ್ಲೇ" ಅಂದರು. ಅಷ್ಟೇ. ಮಾರನೇ ದಿನ ಟಚ್-ಅಪ್ ಪೆನ್ನು ತಂದು ಇಬ್ಬರೂ ಸೇರಿ ಮುಚ್ಚಿದ್ವಿ, ಹತ್ತಿರ ಹೋದರೆ ಕಾಣುತ್ತೆ. ಈಗಲೂ ಕಿತ್ತಿದ್ದೇ ಸರಿ ಅಂತೀನಿ ನಾನು. ಆದರೆ ನಿಮ್ಮ ಕಾರಿಗೆ ಗ್ಯಾರೇಜ್ ಬಣ್ಣ ಆಗಿದ್ದರೆ ಈ ನಾಣ್ಯವನ್ನ ಮೊದಲೇ ಲೆಕ್ಕಕ್ಕೆ ಹಿಡಿದು ಕೈ ಹಾಕಿ.

ಹೊಸ ಫಿಲ್ಮು ಹಾಕಿಸೋಣವಾ ಅಂತ ಅಪ್ಪ ಕೇಳಿದರು. ಬೆಂಗಳೂರಲ್ಲಿ ಇಡೀ ಕಾರಿಗೆ ಒಳ್ಳೇ ಫಿಲ್ಮು ಅಂದ್ರೆ ಲಕ್ಷದ ಲೆಕ್ಕ. ಎಂಟು ವರ್ಷದ ಕಾರಿಗೆ ಅದು ದಂಡ. ಕಲ್ಲು ಬಡಿಯೋ ಬಂಪರು, ಬಾನೆಟ್ಟಿನ ಮುಂದಿನ ಅಂಚು ಇಷ್ಟಕ್ಕೆ ಸಾಕು, ಅದೂ ಟಿಪಿಯು ಆದರೆ ಮಾತ್ರ ಅಂದೆ. ಯೋಚನೆ ಮಾಡ್ತೀನಿ ಅಂದಿದ್ದಾರೆ.

ಅಂದ ಹಾಗೆ, ಕಿತ್ತ ಹಾಳೆಗಳನ್ನ ಎಸೆಯೋಕೆ ಬಿಡಲಿಲ್ಲ. ನಮ್ಮನೆ ಟಿವಿ ರಿಮೋಟು ಇನ್ನೂ ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರಿನೊಳಗೇ ಇದೆ, ಆ ಕವರು ಹರಿದಿದೆ. ಇದರಲ್ಲೊಂದು ತುಂಡು ಕತ್ತರಿಸಿ ಅದಕ್ಕೆ ಸುತ್ತು ಅಂದರು. ಅಂಟು ಸತ್ತಿದೆ ಅಪ್ಪ, ಹಿಡಿಯಲ್ಲ ಅಂದೆ.

"ರಬ್ಬರ್ ಬ್ಯಾಂಡ್ ಹಾಕಿದ್ರಾಯ್ತು" ಅಂದರು.